ಗಲ್ಲಾ ಇಲ್ಲದ ಅಂಗಡಿಯ ಲೆಕ್ಕ

ಅಮೆರಿಕದಲ್ಲಿ ಗಿರಾಕಿಯೇ ತನ್ನ ಕಾರನ್ನು ತೊಳೆದುಕೊಳ್ಳುವ ಕೇಂದ್ರಗಳಿವೆ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ಕೆಲವು ನಿಮಿಷ ನೀರು, ಸೋಪು ಬರುತ್ತದೆ. ಹಣ ಪಡೆಯಲು ಯಾರೂ ಕುಳಿತಿರುವುದಿಲ್ಲ. ಹಾಗಾದರೆ ಪೆಟ್ಟಿಗೆ ತೆರೆಯುವ ನೌಕರ ಒಂದು ಹಿಡಿ ನಾಣ್ಯ ಜೇಬಿಗಿಳಿಸಿದರೆ ಯಾರಿಗೆ ಗೊತ್ತಾಗಬೇಕು?

ತಕ್ಕಡಿಗೆ ಗೊತ್ತಾಗುತ್ತದೆ. ಅಲ್ಲಿನ 25 ಸೆಂಟಿನ ನಾಣ್ಯದ ಹೆಸರು ಕ್ವಾರ್ಟರ್, ತೂಕ 5.67 ಗ್ರಾಂ. ಸಾವಿರ ಡಾಲರಿಗೆ 4000 ನಾಣ್ಯ, ಸುಮಾರು 22.7 ಕಿಲೋ. ಒಂದೊಂದಾಗಿ ಎಣಿಸುವ ಗೋಜಿಲ್ಲ. ಬಿದ್ದ ನಾಣ್ಯಗಳನ್ನು ಲೆಕ್ಕವಿಡುವ ಮೀಟರ್ ಯಂತ್ರದೊಳಗಿದ್ದರೆ, ಅದರ ಅಂಕಿಯನ್ನು ತೂಕದೊಂದಿಗೆ ತಾಳೆ ನೋಡಿದರಾಯಿತು.

ನೋಟಿಗೆ ಚಿಲ್ಲರೆ ಕೊಡುವ ಯಂತ್ರದ ಲೆಕ್ಕ ಇನ್ನೂ ಸುಲಭ. ಮೊದಲು ತುಂಬಿದಷ್ಟೇ ಮೊತ್ತ, ನೋಟು ನಾಣ್ಯ ಸೇರಿ ಕೊನೆಗೂ ಇರಬೇಕು. ಆದರೆ ಆ ನೋಟುಗಳನ್ನೇ ಆದಾಯವೆಂದು ಬರೆದರೆ ಲೆಕ್ಕ ತಪ್ಪುತ್ತದೆ. ಬಟ್ಟೆ ಒಗೆಯುವ ಯಂತ್ರಕ್ಕೂ ಕ್ವಾರ್ಟರ್ ಬೇಕಲ್ಲ, ಬರೀ ಚಿಲ್ಲರೆಗೆಂದೇ ಬರುವವರೂ ಇದ್ದಾರೆ!

ಹಣ ಕಡಿಮೆ ಬಿದ್ದರೆ ಯಜಮಾನ ಮೊದಲು ನೋಡುವುದು ನೌಕರನ ಮುಖವನ್ನು. ಪ್ರಾಮಾಣಿಕನಿಗೆ ಆ ನೋಟವೇ ಶಿಕ್ಷೆ. ಮೀಟರಿನ ಲೆಕ್ಕವಿದ್ದರೆ ಅವನೂ ನಿಶ್ಚಿಂತ. ನಾಣ್ಯ ಎಲ್ಲಾದರೂ ಸಿಕ್ಕಿಕೊಂಡಿದೆಯೇ, ಮೀಟರೇ ಕೆಟ್ಟಿದೆಯೇ ಎಂದು ಮೊದಲು ನೋಡಬೇಕು. ಪೆಟ್ಟಿಗೆ ತೆರೆಯುವಾಗ ಇಬ್ಬರಿರಬೇಕು. ತೆರೆದವರು ಬೇರೆ, ಲೆಕ್ಕ ಬರೆಯುವವರು ಬೇರೆ.