ಹೆಂಚು ಒಡೆಯುವ ಮಕ್ಕಳು

ತಾಯಿಯ ಮೇಲಿನ ಸಿಟ್ಟಿಗೆ ಸೂರು ಹತ್ತಿ, ಒನಕೆಯಿಂದ ತಮ್ಮದೇ ಮನೆಯ ಹೆಂಚು ಒಡೆಯುವ ಅಣ್ಣತಮ್ಮಂದಿರು ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದ (1970) ಆರಂಭದಲ್ಲೇ ಸಿಗುತ್ತಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವುದು ತಿಪಟೂರಿನ ಕಡೆ. ಕಾದಂಬರಿಯ ರಾಮಸಂದ್ರವೂ ಇದೇ ಸೀಮೆಯದು. ಹಾಗಾಗಿ ಆ ಜಗಳದ ಮಾತು ನಮ್ಮ ಹುಡುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಓದುವಾಗ ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಚೆನ್ನಿಗರಾಯ, ಅಪ್ಪಣ್ಣಯ್ಯ ಹೀಗೇಕಾದರು? ಲೇಖಕರು ಎಲ್ಲೂ ವಿವರಣೆಗೆ ಕೂರುವುದಿಲ್ಲ. ತಾಯಿ ಗಂಗಮ್ಮನ ಬಾಯಿಯನ್ನು ನಮಗೆ ಕೇಳಿಸುತ್ತಾರೆ, ಅಷ್ಟೆ. ವಿಧವೆಯಾದ ಆಕೆ ಮಕ್ಕಳನ್ನು ಬೈಯುವ ಬೈಗುಳ ಅವರಿಗಿಂತ ಮೊದಲು ಆಕೆಗೇ ತಗಲುವಂಥದ್ದು. ಆ ಮನೆಯಲ್ಲಿ ಸಿಟ್ಟು, ಪ್ರೀತಿ, ಹಸಿವು ಎಲ್ಲಕ್ಕೂ ಅದೊಂದೇ ಭಾಷೆ. ಗಂಡುಮಕ್ಕಳಿಬ್ಬರೂ ಅದನ್ನೇ ಕಲಿತು ದೊಡ್ಡವರಾದರು. ಚೆನ್ನಿಗರಾಯ ಮುಂದೆ ಹೆಂಡತಿ ಮಕ್ಕಳ ಪಾಲಿನದನ್ನೂ ತಾನೇ ತಿಂದು ಮುಗಿಸುವ ಗಂಡನಾಗುತ್ತಾನೆ. ಶಾನುಭೋಗಿಕೆಯ ಲೆಕ್ಕ ಬರೆಯುವವಳು, ಮುತ್ತುಗದೆಲೆ ಹಚ್ಚಿ ಮನೆ ನಡೆಸುವವಳು ಹೆಂಡತಿ ನಂಜಮ್ಮ.

ದೊಡ್ಡವರ ಗತ್ತನ್ನು ಮಕ್ಕಳು ಹೇಗೆ ಎತ್ತಿಕೊಳ್ಳುತ್ತಾರೆ ಎನ್ನುವುದಕ್ಕೆ ಆರ್. ಕೆ. ನಾರಾಯಣ್ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ (1935) ಬೇರೆಯದೇ ಚಿತ್ರ ಕೊಡುತ್ತಾರೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಸ್ವಾಮಿ ನಮ್ಮ ಮನೆಹುಡುಗನೇ ಆಗಿಬಿಟ್ಟಿದ್ದಾನೆ. ನನಗೆ ಮಾತ್ರ ಅವನ ಗೆಳೆಯ ರಾಜಂ ಹೆಚ್ಚು ಇಷ್ಟ. ಪೊಲೀಸ್ ಸೂಪರಿಂಟೆಂಡೆಂಟರ ಮಗ. ಗೆಳೆಯರ ಎದುರು ಅಡುಗೆಯವನಿಗೆ ಅಬ್ಬರದಿಂದ ಅಪ್ಪಣೆ ಮಾಡುತ್ತಾನೆ; ಅಡುಗೆಯವನು ಸೊಪ್ಪು ಹಾಕುವುದಿಲ್ಲ. ಕೊನೆಗೆ ತಿಂಡಿಯ ತಟ್ಟೆಯನ್ನು ತಾನೇ ಹೊತ್ತು ತಂದು, ಒದ್ದ ಒದೆತಕ್ಕೆ ಅವನು ಒಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ ಎಂದು ಬುರುಡೆ ಬಿಡುತ್ತಾನೆ. ಅಪ್ಪನ ಅಧಿಕಾರ ಮಗನ ಬಾಯಿಗೆ ಬಂದಿದೆ, ಕೈಗೆ ಬಂದಿಲ್ಲ. ಸ್ವಾಮಿಯೇನು ಕಡಿಮೆ? ರಾಜಂ ಮನೆಗೆ ಬರುವ ದಿನ ಅವನಿಗೆ ಅಪ್ಪನ ಕೋಣೆಯೇ ಬೇಕು, ಅಜ್ಜಿ ಮಾತ್ರ ಕಣ್ಣಿಗೆ ಬೀಳಬಾರದು. ರಾತ್ರಿ ಮಲಗುವುದು ಅದೇ ಅಜ್ಜಿಯ ಪಕ್ಕದಲ್ಲಿ!

ಕುಡುಕ ಅಪ್ಪ, ಆದ್ದರಿಂದ ಪೋಲಿ ಮಗ ಎಂದು ಲೆಕ್ಕ ಒಪ್ಪಿಸುವ ಕಥೆಗಳ ಮೇಲೆ ನನಗೆ ನಂಬಿಕೆ ಕಡಿಮೆ. ‘ಗೃಹಭಂಗ’ವೇ ಆ ಲೆಕ್ಕವನ್ನು ಕೆಡಿಸುತ್ತದೆ. ಅದೇ ಚೆನ್ನಿಗರಾಯನ ಮಕ್ಕಳು ಪಾರ್ವತಿ, ರಾಮಣ್ಣ, ವಿಶ್ವ. ಅಪ್ಪನ ಬೈಗುಳ ಮೂವರ ಕಿವಿಗೂ ಬಿದ್ದಿದೆ. ಆದರೂ ಪಾರ್ವತಿ ತಾಯಿಗೆ ಹೆಗಲಾಗುತ್ತಾಳೆ, ರಾಮಣ್ಣ ಓದಿನಲ್ಲಿ ಚುರುಕು, ವಿಶ್ವ ತುಂಟ. ಆ ಮನೆಯಲ್ಲಿ ನಂಜಮ್ಮನೂ ಇದ್ದಳಲ್ಲ! ತವರಿನ ಕಡೆಯಿಂದ ಅವಳ ಅಜ್ಜಿ ಅಕ್ಕಮ್ಮನ ಆಸರೆಯಿತ್ತು, ಭಿಕ್ಷೆಯ ಮೇಲೆ ಬದುಕುವ ಮಾದೇವಯ್ಯನವರ ಅಂತಃಕರಣವಿತ್ತು. ಮಕ್ಕಳು ಅಪ್ಪನೊಬ್ಬನನ್ನೇ ನೋಡಿ ಬೆಳೆಯಲಿಲ್ಲ. ಪ್ಲೇಗು ಮೊದಲಿಬ್ಬರನ್ನೂ ನಂಜಮ್ಮನನ್ನೂ ಒಯ್ಯುತ್ತದೆ. ಉಳಿದ ವಿಶ್ವ ಮಾದೇವಯ್ಯನವರ ಜೊತೆ ಊರು ಬಿಡುತ್ತಾನೆ.

ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು: “ಮಿಸ್, ಆ ಗಂಗಮ್ಮನ್ನ ಚಿಕ್ಕೋಳಿದ್ದಾಗ ಯಾರು ಬೈತಿದ್ರು?”