ಶಿಖರಕ್ಕೆ ಎಣ್ಣೆ, ಜಾತ್ರೆಯಲ್ಲಿ ಊರಿಗೆಲ್ಲ ಪಾಲು

ವೈಶಾಖದ ಹೊತ್ತಿಗೆ ಕೊಟ್ಟೂರು, ಕೂಡ್ಲಿಗಿ ಸೀಮೆಯ ಹೊಲಗಳು ಹರಗಿಸಿಕೊಂಡು ಮಳೆಯ ದಾರಿ ಕಾಯುತ್ತಿರುತ್ತವೆ. ಬಿಸಿಲು ನೆತ್ತಿ ಸುಡುತ್ತದೆ. ರೈತರ ಕೈಗೆ ಒಂದಿಷ್ಟು ಬಿಡುವು ಸಿಗುವುದೂ ಆಗಲೇ. ಉಜ್ಜಿನಿಯ ಮರುಳಸಿದ್ಧೇಶ್ವರನ ತೇರು ಬರುವುದು ಈ ಬಿಡುವಿನಲ್ಲಿ. ತೇರಿನ ಬೆನ್ನಿಗೇ ಇನ್ನೊಂದು ಅಪರೂಪದ ಸೇವೆ ನಡೆಯುತ್ತದೆ. ದೇವರಿಗೆ ಎಣ್ಣೆ ಎರೆಯುವುದು ಎಲ್ಲ ಕಡೆ ಉಂಟು. ಉಜ್ಜಿನಿಯಲ್ಲಿ ಎಣ್ಣೆ ಎರೆಯುವುದು ಗುಡಿಯ ಶಿಖರಕ್ಕೆ.

ಹರಕೆ ಹೊತ್ತವರು ಊರೂರಿನಿಂದ ಎಣ್ಣೆ ತರುತ್ತಾರೆ. ಯಾರು ಎಷ್ಟೇ ತಂದಿರಲಿ, ಮೊದಲು ಎರೆಯಬೇಕಾದದ್ದು ಜರಿಮಲೆ ಪಾಳೆಯಗಾರರ ಮನೆತನದಿಂದ ಬಂದ ಎಣ್ಣೆಯನ್ನು. ಪಾಳೆಯಪಟ್ಟು ಹೋಗಿ ಎಷ್ಟೋ ಕಾಲವಾಯಿತು. ಎಣ್ಣೆಯ ಮರ್ಯಾದೆ ಮಾತ್ರ ಹಾಗೇ ಉಳಿದಿದೆ. ಆಮೇಲೆ ಉಳಿದವರ ಸರದಿ. ಮೇಲೇರಿದವರು ಕಳಸದ ಬುಡದಿಂದ ಎಣ್ಣೆ ಸುರಿಯುತ್ತಿದ್ದರೆ ಅದು ಕೆತ್ತನೆಯ ಒಂದೊಂದೇ ಮಟ್ಟ ಇಳಿದು, ಕಲ್ಲಿನ ಸಂದುಗೊಂದು ತುಂಬಿ, ಕೆಳಗಿನ ಸಾಲಿಗೆ ಹರಿಯುತ್ತದೆ. ನೋಡನೋಡುತ್ತ ಶಿಖರವೆಲ್ಲ ಕಪ್ಪಗೆ ಮಿನುಗತೊಡಗುತ್ತದೆ. ಕೆಳಗೆ ನಿಂತವರ ಜಯಕಾರ, ಸಮಾಳದ ಸದ್ದು, ಪೀಠದ ಕೆಂಪು ಬಾವುಟ, ಎಲ್ಲ ಒಟ್ಟಿಗೇ ಏಳುತ್ತವೆ.

ಉಜ್ಜಿನಿ ವೀರಶೈವ ಪಂಚಪೀಠಗಳಲ್ಲಿ ಒಂದು, ಸದ್ಧರ್ಮ ಪೀಠ. ಇಲ್ಲಿನ ಗುಡಿ ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯದು. ಉಜ್ಜಿನಿಯನ್ನು ಒಳಗೆ ನೋಡಬೇಕು, ಹಂಪಿಯನ್ನು ಹೊರಗೆ ನೋಡಬೇಕು ಎಂಬ ಮಾತು ಈ ಭಾಗದ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ನವರಂಗದಲ್ಲಿ ನಿಂತು ತಲೆಯೆತ್ತಿ ಭುವನೇಶ್ವರಿಯ ಕೆತ್ತನೆ ನೋಡಿದವರಿಗೆ ಆ ಮಾತನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಜಾತ್ರೆಯ ದಿನ ಉಜ್ಜಿನಿಯ ಹೊರಗೂ ನೋಡಬೇಕು. ಎಣ್ಣೆ ತರುವವರು, ಮಿಣಿ ಎಳೆಯುವವರು, ತೇರಿನ ಗಾಲಿಗೆ ಸನ್ನೆ ಕೊಡುವವರು, ನಂದಿಕೋಲು ಹಿಡಿಯುವವರು, ದಾಸೋಹಕ್ಕೆ ಜೋಳ ಬೇಳೆ ಹೊರುವವರು, ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆ ಪಾನಕ ಕೊಡುವವರು: ಸುಮ್ಮನೆ ನಿಂತು ನೋಡಿ ಹೋಗುವವರು ಇಲ್ಲಿ ಕಡಿಮೆ. ನಮ್ಮ ಜಾತ್ರೆಯ ಮನರಂಜನೆ ಹುಟ್ಟುವುದು ಈ ಪಾಲುದಾರಿಕೆಯಿಂದ. ಅದು ಕೈಜಾರಿದರೆ ಉಳಿಯುವುದು ಬರೀ ಸಂತೆ.

ಐದು ತಾಲ್ಲೂಕಿನ ಜಾತ್ರೆ ಸಾಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಜಿಲ್ಲೆಯ ಗೆರೆಗಳು ಬದಲಾದವು, ಹರಪನಹಳ್ಳಿ ಒಮ್ಮೆ ದಾವಣಗೆರೆಗೆ ಹೋಗಿ ಮತ್ತೆ ಇತ್ತ ಬಂತು. ಜಾತ್ರೆಗೆ ಹೋಗುವ ಕಾಲುದಾರಿಗಳು ಮಾತ್ರ ಬದಲಾಗಲಿಲ್ಲ.

ಮಾಘದಲ್ಲಿ ಕೊಟ್ಟೂರಿನ ಗುರು ಬಸವೇಶ್ವರನ ತೇರು. ದಾವಣಗೆರೆ, ಹರಿಹರ, ಬಳ್ಳಾರಿ ಕಡೆಯಿಂದ ಜನ ರಾತ್ರಿ ಹಗಲೆನ್ನದೆ ನಡೆದು ಬರುತ್ತಾರೆ. ದಾರಿಯ ಹಳ್ಳಿಗಳು ಅವರಿಗೆ ಊಟ, ನೀರು, ಮಲಗಲು ಜಾಗ ಕೊಡುತ್ತವೆ. ದಲಿತ ಹೆಣ್ಣುಮಕ್ಕಳು ಆರತಿ ಬೆಳಗದೆ ಈ ಉತ್ಸವ ಮುಂದುವರಿಯದು. 2017ರ ಫೆಬ್ರುವರಿಯಲ್ಲಿ ಇದೇ ತೇರು ಎಳೆಯುವಾಗ ಮಗುಚಿ ಬಿತ್ತು. ಊರು ಎದೆಗುಂದಲಿಲ್ಲ, ಮತ್ತೆ ತೇರು ಕಟ್ಟಿ ಎಳೆಯಿತು.

ಶಿವರಾತ್ರಿಗೆ ತುಂಗಭದ್ರೆಯ ದಂಡೆಯ ಕುರುವತ್ತಿ. ಅಲ್ಲಿ ಬಸವಣ್ಣನಷ್ಟೇ ಎತ್ತುಗಳಿಗೂ ಮರ್ಯಾದೆ. ಕೋಡು ಸವರಿ, ಹಲ್ಲು ಎಣಿಸಿ, ನಡಿಗೆ ನೋಡಿ, ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ಜಾನುವಾರು ಜಾತ್ರೆ ರೈತನ ಪಾಲಿಗೆ ವ್ಯಾಪಾರವೂ ಹೌದು, ಹಬ್ಬವೂ ಹೌದು.

ಭಾರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರ. ಕರಿ ಕಂಬಳಿ ಹೊದ್ದು, ಕರಡಿ ಕೂದಲಿನ ಟೊಪ್ಪಿಗೆ ಇಟ್ಟು, ಢಮರುಗ ನುಡಿಸುತ್ತ ಗೊರವಪ್ಪಗಳು ಕುಣಿಯುತ್ತಾರೆ. "ಏಳುಕೋಟಿಗೋ ಚಾಂಗಮಲೋ" ಎಂಬ ಉಗ್ಗಡ ಎಲ್ಲೆಡೆ ಕೇಳುತ್ತದೆ. ಕೊನೆಗೆ ಡೆಂಕನಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಸರಸರನೆ ಏರಿ, ಬಾನತ್ತ ಮುಖ ಮಾಡಿ, "ಸದ್ದಲೇ!" ಎಂದು ಕೂಗುತ್ತಾನೆ. ಲಕ್ಷ ಲಕ್ಷ ಜನರ ಗದ್ದಲ ಆ ಒಂದು ಮಾತಿಗೆ ನಿಂತುಹೋಗುತ್ತದೆ. ಗೊರವಯ್ಯ ಒಂದೇ ಸಾಲು ಕಾರಣಿಕ ನುಡಿದು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮಳೆ ಬೆಳೆ ಹೇಗೆ, ರಾಜಕೀಯ ಹೇಗೆ ಎಂದು ಆ ಸಾಲಿನ ಅರ್ಥ ಹುಡುಕುವ ಚರ್ಚೆ ಊರ ಕಟ್ಟೆಗಳಲ್ಲಿ ವರ್ಷವಿಡೀ ನಡೆಯುತ್ತದೆ.

ನಂದಿಕೋಲಿನ ತೂಕ

ಈ ಜಾತ್ರೆಗಳಲ್ಲಿ ಕುಣಿತವೆಂದರೆ ಮೈಬಲದ ಪರೀಕ್ಷೆಯೂ ಹೌದು. ನಂದಿಕೋಲನ್ನೇ ನೋಡಿ. ಆಳೆತ್ತರವನ್ನು ಎಷ್ಟೋ ಮೀರಿದ ಕಂಬ. ಅದಕ್ಕೆ ಹಿತ್ತಾಳೆಯ ನಂದಿ, ಕಳಸ, ಗಗ್ಗರ, ಬಣ್ಣದ ವಸ್ತ್ರ, ತುದಿಯಲ್ಲಿ ಛತ್ರಿ. ಹೊರುವವನು ನಡುವಿಗೆ ಬಿಗಿದ ಪಟ್ಟಿಯಲ್ಲಿ ಅದರ ಬುಡ ಊರಿ, ಸಮಾಳದ ಪೆಟ್ಟಿಗೆ ಹೆಜ್ಜೆ ಹಾಕುತ್ತಾನೆ. ಕೋಲು ಒಂದು ಕಡೆ ವಾಲಿದರೆ ಮೈ ಇನ್ನೊಂದು ಕಡೆ ಬಾಗಬೇಕು. ತೂಕ ತಡೆಯುವುದು ತೋಳಲ್ಲ, ಸೊಂಟ ಮತ್ತು ಉಸಿರು. ಇದನ್ನು ಕಲಿಸುವ ಪುಸ್ತಕವಿಲ್ಲ. ಅಪ್ಪ ಹೊರುವಾಗ ಪಕ್ಕದಲ್ಲಿ ನಡೆದು ಮಗ ಕಲಿಯುತ್ತಾನೆ.

ಪುರವಂತರದು ಮತ್ತೊಂದು ವಿದ್ಯೆ. ವೀರಭದ್ರನ ಒಡಪು ಹೇಳುವಾಗ ಉಸಿರು ಎಲ್ಲಿ ಬಿಡಬೇಕು, ಕತ್ತಿ ಎಲ್ಲಿ ಝಳಪಿಸಬೇಕು, ಹಲಗೆಯವನಿಗೆ ಎಲ್ಲಿ ಕಣ್ಸನ್ನೆ ಮಾಡಬೇಕು ಎಂಬುದು ವರ್ಷಗಟ್ಟಲೆ ಮಾಡಿದ ಮೇಲೆ ಕೂಡಿಬರುವಂಥದ್ದು. ಜೋಗತಿ ನೃತ್ಯದಲ್ಲಿ ತಲೆಯ ಮೇಲಿನ ಕೊಡ ಕದಲದಂತೆ ಇಡೀ ದೇಹ ಕುಣಿಯಬೇಕು, ಚೌಡಿಕೆಯ ಸದ್ದಿಗೆ ಕಾಲು ತಪ್ಪಬಾರದು. ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ, ಕಾಳವ್ವ ಜೋಗತಿಯವರ ಬಳಿ ಈ ಕಲೆ ಕಲಿತ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜಾತ್ರೆಯ ಬಯಲಿನಲ್ಲಿ ಬೆಳೆದ ಕಲೆಗೆ ದೇಶ ತಲೆಬಾಗಿದ ಗಳಿಗೆ ಅದು.

ಹಗಲಿಡೀ ಬೆಂಡು ಬತ್ತಾಸು, ಮಂಡಕ್ಕಿ ಮಿರ್ಚಿ, ಬಳೆ ಅಂಗಡಿ, ತೊಟ್ಟಿಲು. ಬಯಲಲ್ಲಿ ಜಂಗಿ ಕುಸ್ತಿ, ಕಲ್ಲುಗುಂಡು ಎತ್ತುವ ಪಂದ್ಯ. ರಾತ್ರಿಗೆ ದೊಡ್ಡಾಟ, ಇಲ್ಲವೇ ನಾಟಕ. ಊರಿನ ಹುಡುಗರೇ ಮಾಸ್ತರರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡಿ, ರಂಗಸಜ್ಜಿಕೆ ಬಾಡಿಗೆಗೆ ತಂದು, ಹೆಣ್ಣು ಪಾತ್ರಕ್ಕೆ ಮರಿಯಮ್ಮನಹಳ್ಳಿ ಕಡೆಯ ಕಲಾವಿದೆಯರನ್ನು ಕರೆಸಿ ಆಡುತ್ತಾರೆ. ಹಗಲು ಎತ್ತು ಹೊಡೆದವನು ರಾತ್ರಿ ದುರ್ಯೋಧನನಾಗಿ ಗದೆ ಎತ್ತಿದಾಗ ಅವನ ತಾಯಿ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಹಡಗಲಿಯಲ್ಲಿ ರಂಗಭಾರತಿ ಕಟ್ಟಿದ, ಮುಂದೆ ಹಂಪಿ ಉತ್ಸವಕ್ಕೆ ರೂಪ ಕೊಟ್ಟ ಎಂ.ಪಿ. ಪ್ರಕಾಶ್ ಅವರ ರಂಗಪ್ರೀತಿಗೆ ನೆಲವಾದದ್ದು ಇದೇ ಸೀಮೆ.

ಕಳೆದುಕೊಂಡು ಮತ್ತೆ ಕಟ್ಟಿದವರು

ಸಮುದ್ರಗಳಾಚೆ ಸ್ಕಾಟ್‌ಲೆಂಡ್, ಐರ್ಲೆಂಡ್, ವೇಲ್ಸ್, ಫ್ರಾನ್ಸಿನ ಬ್ರಿಟನಿ ಕಡೆಯ ಕೆಲ್ಟಿಕ್ ಜನರಿಗೂ ಇಂಥವೇ ಹಬ್ಬಗಳಿವೆ. ಅವರ ಕಥೆಯನ್ನು ನಾವು ತಿಳಿಯಬೇಕು. ಏಕೆಂದರೆ ಅವರು ಒಮ್ಮೆ ಕಳೆದುಕೊಂಡವರು.

1746ರಲ್ಲಿ ಕಲೋಡನ್ ಯುದ್ಧದಲ್ಲಿ ಸ್ಕಾಟ್‌ಲೆಂಡಿನ ಗುಡ್ಡಗಾಡಿನ ಕುಲಗಳು ಸೋತವು. ಅವರ ಚೌಕಳಿ ಉಡುಪನ್ನೇ ಕಾನೂನು ನಿಷೇಧಿಸಿತು. ಆ ನಿಷೇಧ ತೆರವಾದದ್ದು 1782ರಲ್ಲಿ. ಆಮೇಲೆ ಅವರು ತಮ್ಮ ಆಟಗಳನ್ನು ಮತ್ತೆ ಕೂಡಿಸಿಕೊಂಡರು. ಇಂದು ಬ್ರೇಮರ್ ಊರಿನಲ್ಲಿ ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರ ಬ್ಯಾಗ್‌ಪೈಪ್ ಮೇಳ, ಕುಣಿತ, ಕಲ್ಲೆಸೆತ, ಹಗ್ಗ ಎಳೆಯುವ ಪಂದ್ಯ ನಡೆಯುತ್ತವೆ. ಅಲ್ಲಿನ ಕೇಬರ್ ಎಂಬ ಆಟದಲ್ಲಿ ಉದ್ದನೆಯ ಮರದ ಕಂಬವನ್ನು ನೆಟ್ಟಗೆ ಎತ್ತಿ ಹಿಡಿದು ಓಡಿ ಎಸೆಯಬೇಕು. ಎಷ್ಟು ದೂರ ಬಿತ್ತು ಎಂಬುದು ಲೆಕ್ಕಕ್ಕಿಲ್ಲ. ಕಂಬ ತಲೆಕೆಳಗಾಗಿ ಮಗುಚಿ, ಎಸೆದವನ ಎದುರಿಗೆ ನೇರವಾಗಿ ಬಿದ್ದಿತೇ ಎಂಬುದಷ್ಟೇ ಲೆಕ್ಕ. ನಮ್ಮ ನಂದಿಕೋಲಿನವರು ಈ ಆಟವನ್ನು ನೋಡಿದರೆ ಅದರ ಕಷ್ಟ ಒಂದೇ ನೋಟಕ್ಕೆ ಅವರಿಗೆ ಅರ್ಥವಾದೀತು.

ಬ್ರಿಟನಿಯ ಲೋರಿಯಾಂ ಪಟ್ಟಣದಲ್ಲಿ 1971ರಿಂದ ಆಗಸ್ಟ್ ತಿಂಗಳಲ್ಲಿ ಎಲ್ಲ ಕೆಲ್ಟಿಕ್ ನಾಡುಗಳ ದೊಡ್ಡ ಮೇಳ ಸೇರುತ್ತದೆ. ಅದೇ ಬ್ರಿಟನಿಯಲ್ಲಿ ಫೆಸ್ಟ್ ನೋಝ್ ಎಂಬ ರಾತ್ರಿ ಕೂಟವಿದೆ. ಒಬ್ಬರು ಹಾಡಿದ ಸಾಲಿನ ತುದಿಯನ್ನು ಇನ್ನೊಬ್ಬರು ಹಿಡಿದು ಮುಂದುವರಿಸುತ್ತಾರೆ. ಬಂದವರೆಲ್ಲ ಕೈಕೈ ಕೂಡಿಸಿ ಸರಪಳಿಯಾಗಿ ಕುಣಿಯುತ್ತಾರೆ. ಯುನೆಸ್ಕೊ 2012ರಲ್ಲಿ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ವೇಲ್ಸ್ ಜನರ ಐಸ್ಟೆಡ್‌ವೊಡ್ ಎಂಬ ಕಾವ್ಯ, ಸಂಗೀತದ ಹಬ್ಬ ನಮಗೆ ಇನ್ನೂ ಹತ್ತಿರದ್ದು. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ರೀಸ್ ಎಂಬ ಅರಸ ಕವಿಗಳನ್ನೂ ವಾದ್ಯಗಾರರನ್ನೂ ಸ್ಪರ್ಧೆಗೆ ಕರೆದು, ಗೆದ್ದವರಿಗೆ ಕುರ್ಚಿಯ ಗೌರವ ಕೊಟ್ಟ. ಆ ಗೌರವ ಇಂದಿಗೂ ನಡೆಯುತ್ತಿದೆ. ಕವಿಗೆ ಕುರ್ಚಿ ಕೊಡುವಾಗ ಮುಖ್ಯಸ್ಥರು ಕತ್ತಿಯನ್ನು ಒರೆಯಿಂದ ಅರ್ಧ ಎಳೆದು, ಶಾಂತಿ ಇದೆಯೇ ಎಂದು ಮೂರು ಬಾರಿ ಕೇಳುತ್ತಾರೆ. ನೆರೆದವರು ಶಾಂತಿ ಇದೆ ಎಂದು ಮೂರು ಬಾರಿ ಕೂಗಿದ ಮೇಲೆಯೇ ಕತ್ತಿ ಒರೆ ಸೇರುತ್ತದೆ, ಕವಿ ಕುರ್ಚಿ ಏರುತ್ತಾನೆ. ಮೈಲಾರದಲ್ಲಿ ಜನ ತಮ್ಮ ಮೌನವನ್ನು ಕೊಟ್ಟು ನುಡಿಯನ್ನು ಬರಮಾಡಿಕೊಳ್ಳುತ್ತಾರೆ, ವೇಲ್ಸಿನಲ್ಲಿ ದನಿಯನ್ನು ಕೊಟ್ಟು. ಎರಡೂ ಕಡೆ ಜನ ಒಪ್ಪದೆ ಕಾರ್ಯ ನಡೆಯದು.

ಇಂಗ್ಲಿಷ್ ಪಕ್ಕದಲ್ಲೇ ಕೂತು ವೇಲ್ಸಿನ ಭಾಷೆಯನ್ನು ನುಂಗುತ್ತಿದ್ದಾಗ ಆ ಸಣ್ಣ ನಾಡು ಒಂದು ಗಟ್ಟಿ ನಿರ್ಧಾರ ಮಾಡಿತು: ಐಸ್ಟೆಡ್‌ವೊಡ್ ವೇದಿಕೆಯಲ್ಲಿ ವೆಲ್ಷ್ ಭಾಷೆ ಮಾತ್ರ. 1950ರಿಂದ ಈ ನಿಯಮ ಜಾರಿಯಲ್ಲಿದೆ. ಹಬ್ಬ ಒಂದೇ ಊರಿನದಾಗದಂತೆ ವರ್ಷಕ್ಕೊಂದು ಜಾಗಕ್ಕೆ ಹೋಗುತ್ತದೆ. ಮಕ್ಕಳಿಗೆ ಬೇರೆಯದೇ ಐಸ್ಟೆಡ್‌ವೊಡ್ ಇದೆ. ಶಾಲೆಗಳು ಅದಕ್ಕಾಗಿ ಹಾಡು, ಕುಣಿತ, ಪದ್ಯವಾಚನ ಕಲಿಸುತ್ತವೆ.

ನಾವು ಮಾಡಬೇಕಾದದ್ದು

ಊರಿಂದ ಊರಿಗೆ ಹೋಗುವ ಹಬ್ಬ ನಮಗೂ ಹೊಸದಲ್ಲ. ಸಿರಿಗೆರೆಯ ತರಳಬಾಳು ಹುಣ್ಣಿಮೆ ಪ್ರತಿ ಮಾಘದಲ್ಲಿ ಬೇರೆ ಬೇರೆ ಊರಿನಲ್ಲಿ ಒಂಬತ್ತು ದಿನ ನಡೆಯುತ್ತದೆ. 2023ರಲ್ಲಿ ಉಜ್ಜಿನಿಯ ನೆರೆಯ ಕೊಟ್ಟೂರಿಗೇ ಬಂದಿತ್ತು. ಅಲ್ಲಿ ಮಲ್ಲಕಂಬ ಏರುವವರು, ವೀರಗಾಸೆ ಕುಣಿಯುವವರು, ವಚನಗಳಿಗೆ ಹೆಜ್ಜೆ ಹಾಕುವವರು ಶಾಲೆಯ ಮಕ್ಕಳು. ವಿದ್ಯೆ ಶಾಲೆಯಲ್ಲಿ ಕಲಿತದ್ದು, ತೋರಿಸಿದ್ದು ಸಾವಿರಾರು ಜನರ ಎದುರಿಗೆ. ಈ ಮಾದರಿ ನಮ್ಮ ಊರೂರ ಜಾತ್ರೆಗೆ ಇಳಿಯಬೇಕು.

ಈಗ ಅನೇಕ ಜಾತ್ರೆಗಳಲ್ಲಿ ಆಳೆತ್ತರದ ಡಿಜೆ ಡಬ್ಬಿಗಳ ಮುಂದೆ ಸಮಾಳದ ದನಿ ಸೋಲುತ್ತಿದೆ. ದೊಡ್ಡಾಟದ ತಾಲೀಮಿಗೆ ಹುಡುಗರು ಸಿಗುತ್ತಿಲ್ಲ, ದುಡಿಯಲು ಬೆಂಗಳೂರಿಗೆ ಹೋದವರು ಜಾತ್ರೆಗೆ ಬಂದರೂ ಮೊಬೈಲ್ ಹಿಡಿದು ನೋಡುವವರಾಗಿ ನಿಲ್ಲುತ್ತಿದ್ದಾರೆ. ದೂರ ದುಡಿದು ಬೇಸತ್ತವರು ಹಬ್ಬಕ್ಕೆ ಬಂದು ನಕ್ಕು ನಲಿಯುವುದನ್ನು ಯಾರೂ ತಪ್ಪೆನ್ನಲಾರರು. ಅವರ ಕೈಗೆ ಒಂದು ಕೆಲಸ, ಒಂದು ಪಾಲು ಮರಳಿ ಕೊಡುವುದು ಊರಿನ ಹೊಣೆ.

ಕೊಡುವುದು ಕಷ್ಟವೂ ಅಲ್ಲ. ಜಾತ್ರೆಯ ಒಂದು ಸಂಜೆಯನ್ನು ಧ್ವನಿವರ್ಧಕದ ಅಬ್ಬರವಿಲ್ಲದೆ ಒಡಪು, ಭಜನೆ, ಕೋಲಾಟ, ಡೊಳ್ಳಿಗೆ ಮೀಸಲಿಡಬಹುದು. ಗೆದ್ದವರಿಗೆ ದೊಡ್ಡ ಹಣಕ್ಕಿಂತ ಊರಿನ ಎದುರು ಒಂದು ಗೌರವದ ಆಸನ ಸಾಕು. ವೇಲ್ಸ್ ಜನ ಕವಿಗಳನ್ನು ಗೌರವಿಸುವುದು ಒಂದು ಕುರ್ಚಿಯಿಂದ. ಹಿರಿಯ ಪುರವಂತರನ್ನು, ದೊಡ್ಡಾಟದ ಮಾಸ್ತರರನ್ನು ಬೇಸಿಗೆ ರಜೆಯಲ್ಲಿ ಶಾಲೆಗೆ ಕರೆಸಿ ಗೌರವಧನ ಕೊಟ್ಟು ಮಕ್ಕಳಿಗೆ ಕಲಿಸಬಹುದು. ಉಜ್ಜಿನಿಯ ಜಾತ್ರೆ ಬರುವುದೇ ಬೇಸಿಗೆಯಲ್ಲಿ. ಕಲಿತದ್ದನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಅಂಗಳ ಯಾವುದು? ತಲೆಯಲ್ಲಿ ನೂರಾರು ಪದ ಹೊತ್ತ ಅಜ್ಜಿಯರ ಹಾಡನ್ನು ದಾಖಲಿಸುವ ಕೆಲಸವನ್ನು ಕಾಲೇಜು ಹುಡುಗ ಹುಡುಗಿಯರಿಗೆ ವಹಿಸಬಹುದು. ಕೈಯಲ್ಲಿರುವ ಅದೇ ಮೊಬೈಲ್ ಅದಕ್ಕೆ ಸಾಕು.

ಕೆಲ್ಟಿಕ್ ಜನ ಹರಿದ ಎಳೆಯನ್ನು ಹುಡುಕಿ, ನೆನಪನ್ನು ಕೆದಕಿ, ನಿಯಮ ಮಾಡಿಕೊಂಡು ಹಬ್ಬ ಕಟ್ಟಬೇಕಾಯಿತು. ನಮಗೆ ಆ ಪಾಡು ಇನ್ನೂ ಬಂದಿಲ್ಲ. ನಂದಿಕೋಲು ಹೊರುವ ಅಪ್ಪ ಇದ್ದಾನೆ, ಒಡಪು ಬಲ್ಲ ಪುರವಂತ ಇದ್ದಾನೆ, ಎಣ್ಣೆ ಹೊತ್ತು ಶಿಖರ ಏರುವವರಿದ್ದಾರೆ. ಅವರು ಇರುವಾಗಲೇ ಕಲಿಯುವವರನ್ನು ಅವರ ಪಕ್ಕದಲ್ಲಿ ನಿಲ್ಲಿಸಬೇಕು. ಈ ವರ್ಷದ ಜಾತ್ರೆಗೆ ಹೋಗುವ ಪ್ರತಿ ಮನೆಯೂ ಒಂದು ಮಗುವನ್ನಾದರೂ ತೊಟ್ಟಿಲಿನಿಂದ ಇಳಿಸಿ, ಸಮಾಳದವರ ಹತ್ತಿರ ಕರೆದೊಯ್ದು ಅದರ ಕೈಗೆ ಕೋಲು ಕೊಡಿಸಲಿ.