ಬಯಲುಸೀಮೆಯಲ್ಲಿ ಸಾಕುಮೊಲಗಳ ಆರೋಗ್ಯ: ದಿನವೂ ಏನನ್ನು ನೋಡಬೇಕು?

ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಮೊಲ ಹಾಗಲ್ಲ. ಬೇಟೆಗೆ ಸಿಕ್ಕುವ ಪ್ರಾಣಿಯಾದ್ದರಿಂದ ನೋವನ್ನು ಅಡಗಿಸಿಕೊಳ್ಳುವುದು ಅದರ ಹುಟ್ಟುಗುಣ. ರೋಗ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಬಹಳ ಮುಂದುವರಿದಿರುತ್ತದೆ. ಮಕ್ಕಳ ಒತ್ತಾಯಕ್ಕೆ ಒಂದು ಜೋಡಿ ಮೊಲ ತಂದವರೇ ಆಗಲಿ, ಹತ್ತಾರು ಪಂಜರ ಇಟ್ಟವರೇ ಆಗಲಿ, ಬೆಳಿಗ್ಗೆ ಐದು ನಿಮಿಷ ಪಂಜರದ ಮುಂದೆ ಕುಳಿತು ನೋಡುವುದು ಅವಶ್ಯ.

ಮೊದಲು ನೋಡಬೇಕಾದದ್ದು ಹಿಕ್ಕೆ. ಆರೋಗ್ಯವಂತ ಮೊಲದ ಹಿಕ್ಕೆ ಗುಂಡಗೆ, ಒಣಗಿ, ಬಟಾಣಿ ಕಾಳಿನಷ್ಟಿರುತ್ತದೆ. ಒಡೆದರೆ ಒಳಗೆ ನಾರು ಕಾಣುತ್ತದೆ. ಹಿಕ್ಕೆ ಸಣ್ಣದಾಗುತ್ತ, ಕಡಿಮೆಯಾಗುತ್ತ ಬಂದರೆ ಕರುಳಿನ ಚಲನೆ ನಿಧಾನವಾಗಿದೆ ಎಂದೇ ತಿಳಿಯಬೇಕು. ಹನ್ನೆರಡು ತಾಸು ಮೇವೂ ಮುಟ್ಟದೆ ಹಿಕ್ಕೆಯೂ ಹಾಕದಿದ್ದರೆ ಮರುದಿನಕ್ಕೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಯಲ್ಲಿ ನಿಂತದ್ದು ಅಲ್ಲಿಯೇ ಹುಳಿಯುತ್ತದೆ.

ಇನ್ನೊಂದು ಬಗೆಯ ಹಿಕ್ಕೆಯೂ ಉಂಟು. ಮೆತ್ತಗೆ, ಹೊಳಪಾಗಿ, ದ್ರಾಕ್ಷಿಗೊಂಚಲಿನಂತೆ ಅಂಟಿಕೊಂಡ ಇದನ್ನು ಮೊಲವು ತನ್ನ ಗುದದಿಂದಲೇ ಬಾಯಿಹಾಕಿ ತಿನ್ನುತ್ತದೆ. ಇದನ್ನು ಕಂಡು ಹಲವರು ರೋಗವೆಂದು ಗಾಬರಿಯಾಗುತ್ತಾರೆ. ದನ ಮೆಲುಕು ಹಾಕಿದಂತೆ ಇದು ಮೊಲದ ಕ್ರಮ. ಬಿ ಜೀವಸತ್ವಗಳೂ ಸಸಾರಜನಕವೂ ಅದಕ್ಕೆ ಹೀಗೆ ಮರಳಿ ದೊರೆಯುತ್ತವೆ. ಇವು ಪಂಜರದ ಕೆಳಗೆ ಹಾಗೆಯೇ ಬಿದ್ದಿರುವುದು ಕಂಡರೆ ಮಾತ್ರ ಯೋಚಿಸಬೇಕು. ಮೊಲ ಮೈ ಬೆಳೆಸಿದೆ, ಇಲ್ಲವೆ ಕಾಳು ಹೆಚ್ಚಾಗಿ ನಾರು ಕಡಿಮೆಯಾಗಿದೆ ಎಂದರ್ಥ.

ವಾರಕ್ಕೊಮ್ಮೆ ತೂಕ ಮಾಡಿ ಬರೆದಿಡಬೇಕು. ಎತ್ತುವಾಗ ಕಿವಿ ಹಿಡಿಯಕೂಡದು. ಹೆಗಲ ಮೇಲಿನ ಸಡಿಲ ಚರ್ಮ ಹಿಡಿದು, ಇನ್ನೊಂದು ಕೈಯನ್ನು ಹಿಂಭಾಗಕ್ಕೆ ಆಧಾರ ಕೊಡಬೇಕು. ಕೊಸರಾಡಿ ಒದ್ದರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳುವಷ್ಟು ಬಲ ಅದರ ಹಿಂಗಾಲಿಗಿದೆ. ನ್ಯೂಜಿಲೆಂಡ್ ವೈಟ್ ಮತ್ತು ಸೋವಿಯತ್ ಚಿಂಚಿಲ್ಲಾ ತಳಿಗಳು ಚೆನ್ನಾಗಿ ಬೆಳೆದಾಗ 4 ರಿಂದ 5 ಕಿಲೋ ತೂಗುತ್ತವೆ. ಇಂಥ ಭಾರದ ತಳಿಗಳಿಗೆ ತಂತಿಬಲೆಯ ಮೇಲೆ ಅಂಗಾಲು ಹುಣ್ಣಾಗುವುದು ಹೆಚ್ಚು. ಕೂರಲು ಒಂದು ಹಲಗೆ ಇಟ್ಟರೆ ಸಾಕು. ಡಚ್ ತಳಿ ಸುಮಾರು 2 ಕಿಲೋ ಮಾತ್ರ, ಮಕ್ಕಳ ಕೈಗೆ ಅದೇ ಒಳ್ಳೆಯದು. ಅಂಗೋರಾ ಮೊಲಕ್ಕೆ ಆಗಾಗ ಬಾಚದಿದ್ದರೆ ನೆಕ್ಕಿದ ಉಣ್ಣೆ ಹೊಟ್ಟೆಯಲ್ಲಿ ಗಂಟಾಗುತ್ತದೆ. ಹಿಮಾಚಲ ಪ್ರದೇಶದ ಕುಲುವಿನಂಥ ತಂಪು ಪ್ರದೇಶದ ಈ ತಳಿಯನ್ನು ಶಿರಹಟ್ಟಿಯ ಬಿಸಿಲಿಗೆ ತರುವುದನ್ನು ನಾನಂತೂ ಒಪ್ಪುವುದಿಲ್ಲ. ಕೊಯ್ಲಿನಲ್ಲಿ ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಸಾಕಲೇಬಾರದು. ಅದು ಬೇರೆಯೇ ಜಾತಿಯ ಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟದ್ದು.

ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಭಾಗಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲಿಯೂ 38 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳುಂಟು. ಮೊಲ ನಮ್ಮಂತೆ ಬೆವರುವುದಿಲ್ಲ. ಕಿವಿ ಮತ್ತು ಉಸಿರಿನಿಂದಲೇ ಮೈಶಾಖ ಹೊರಹಾಕಬೇಕು. 30 ಡಿಗ್ರಿ ಮೀರಿತೆಂದರೆ ಅದಕ್ಕೆ ತೊಂದರೆ ಆರಂಭ. ಗಂಡುಮೊಲಗಳು ಬೇಸಿಗೆಯಲ್ಲಿ ಕೆಲಕಾಲ ಬಂಜೆಯಾಗುವುದೂ ಉಂಟು. ತಗಡಿನ ಮಾಡಿನ ಮೇಲೆ ಜೋಳದ ಕಣಿಕೆ ಹೊದಿಸಿ, ಪಂಜರವನ್ನು ಬೇವಿನ ನೆರಳಿಗೆ ಇಡಬೇಕು. ಬಿಸಿಗಾಳಿ ಬೀಸುವ ಕಡೆ ಒದ್ದೆ ಗೋಣಿತಟ್ಟು ಇಳಿಬಿಡಬೇಕು, ಆದರೆ ಗಾಳಿಯಾಡಲು ಒಂದು ಬದಿ ತೆರೆದಿರಲಿ. ಮೇವಿನ ಹೆಚ್ಚು ಪಾಲನ್ನು ಸಂಜೆಗೆ ಕೊಡಬೇಕು. ನೀರು ಮಣ್ಣಿನ ಪಾತ್ರೆಯಲ್ಲಿ ಸದಾ ಇರಬೇಕು. ಮೊಲ ಕಾಲು ಚಾಚಿ ಮಲಗಿ, ಬಾಯಿ ತೆರೆದು ಏದುಸಿರು ಬಿಟ್ಟರೆ ಕಿವಿಗಳನ್ನು ತಣ್ಣೀರಿನಿಂದ ಒದ್ದೆಮಾಡಿ ತಂಪಿಗೆ ಒಯ್ಯಬೇಕು, ನೀರಿನಲ್ಲಿ ಮುಳುಗಿಸಬಾರದು.

ಬೇಸಾಯಶಾಸ್ತ್ರ ಕಲಿಸುವವನಾದ್ದರಿಂದ ಮೇವಿನ ಬಗ್ಗೆ ಎರಡು ಮಾತು ಹೆಚ್ಚು ಹೇಳುತ್ತೇನೆ. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಅದು ಸವೆಯಲು ನಾರಿನ ಮೇವೇ ಬೇಕು. ಒಣ ಹುಲ್ಲು ಸದಾ ಮುಂದಿರಲಿ. ಕುದುರೆಮೆಂತೆಯನ್ನು ಕೊಯ್ದು ಒಂದು ರಾತ್ರಿ ಬಾಡಿಸಿ ಕೊಡಬಹುದು. ಮಳೆ ತಡವಾದಾಗ ಬಾಡಿದ ಎಳೆ ಜೋಳ, ಕೂಳೆ ಜೋಳಗಳಲ್ಲಿ ದನವನ್ನು ಕೊಲ್ಲುವ ಸೈನೈಡ್ ವಿಷ ಮೊಲವನ್ನೂ ಕೊಲ್ಲುತ್ತದೆ. ಬೂಸ್ಟು ಹಿಡಿದ ಶೇಂಗಾ ಹಿಂಡಿ, ಮಳೆಗೆ ತೊಯ್ದ ಶೇಂಗಾ ಹೊಟ್ಟು ಇವನ್ನಂತೂ ದೂರವಿಡಬೇಕು. ಅಫ್ಲಾಟಾಕ್ಸಿನ್ ವಿಷವನ್ನು ಮೊಲ ಸ್ವಲ್ಪವೂ ತಾಳಲಾರದು. ಹತ್ತಿ, ಮೆಣಸಿನಕಾಯಿಗೆ ಔಷಧಿ ಸಿಂಪಡಿಸಿದ ಹೊಲದ ಬದುವಿನ ಹುಲ್ಲೂ ಬೇಡ.

ಒಂದರಿಂದ ಮೂರು ತಿಂಗಳ ಮರಿಗಳಿಗೆ ಕಾಕ್ಸಿಡಿಯೋಸಿಸ್ ದೊಡ್ಡ ಶತ್ರು: ಹೊಟ್ಟೆ ಉಬ್ಬಿ, ಭೇದಿಯಾಗಿ, ಬೆನ್ನು ಎಲುಬು ಏಳುತ್ತದೆ. ಹಿಕ್ಕೆಯಲ್ಲಿ ಬಿದ್ದ ರೋಗಾಣು ಸೋಂಕು ತಗಲಿಸುವ ಶಕ್ತಿ ಪಡೆಯಲು ಒಂದೆರಡು ದಿನ ಬೇಕು. ದಿನವೂ ಗುಡಿಸಬೇಕೆನ್ನುವುದು ಇದಕ್ಕೇ. ಕಿವಿಯೊಳಗೆ, ಮೂಗಿನ ಮೇಲೆ ಹೊಪ್ಪಳೆಗಟ್ಟಿದರೆ ಅದು ಕಜ್ಜಿ. ಅಂಥ ಮೊಲವನ್ನು ಕೂಡಲೇ ಬೇರೆ ಮಾಡಿ, ಮುಟ್ಟಿದ ಕೈ ತೊಳೆಯಬೇಕು.

ಮನೆಯಲ್ಲಿದ್ದ ಮಾತ್ರೆ ಅರೆದು ಕುಡಿಸುವ ಅಭ್ಯಾಸ ಇಲ್ಲಿ ಬಹಳ ಅಪಾಯಕರ. ಮನುಷ್ಯರಿಗೆ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ಸತ್ತು ಪ್ರಾಣವೇ ಹೋಗಬಹುದು. ನಾಯಿಯ ಉಣ್ಣೆಗೆ ಹಚ್ಚುವ ಫಿಪ್ರೋನಿಲ್ ಸಹ ಮೊಲಕ್ಕೆ ವಿಷ.

ಪಶು ಆಸ್ಪತ್ರೆಗೆ ಹೋಗುವಾಗ ತೂಕ ಬರೆದ ಚೀಟಿ, ಎಷ್ಟು ತಾಸಿನಿಂದ ಮೇವು ಬಿಟ್ಟಿದೆ ಎಂಬ ಲೆಕ್ಕ, ಶುದ್ಧ ಡಬ್ಬಿಯಲ್ಲಿ ಅಂದಿನ ಹಿಕ್ಕೆ ಜೊತೆಗಿರಲಿ. ಮೊಲವನ್ನು ಬುಟ್ಟಿಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ, ಬಿಸಿಲೇರುವ ಮುನ್ನ ಹೊರಡುವುದು ಒಳಿತು.